ಪಕ್ಕದ ಮನೆಯ ಉತಾರೆ

ಪಕ್ಕದ ಮನೆಯವನು ಹೆಂಡತಿಯನ್ನು ಕಬ್ಬಿಣದ ಗಜದಿಂದ ಹೊಡೆಯುತ್ತಿದ್ದ. ಬಟ್ಟೆ ಅಳೆಯುವ ಗಜ. ಎರಡೂ ತುದಿಗೆ ಹಿತ್ತಾಳೆಯ ಕಟ್ಟು. ಓಣಿಯ ಉಳಿದ ವ್ಯಾಪಾರಿಗಳು ಸಂಜೆ ಅಂಗಡಿ ಮುಚ್ಚಿ ಕೀಲಿಕೈ ಗೊಂಚಲು ಹಿಡಿದು ಬರುತ್ತಿದ್ದರು. ಇವನು ಗಜ ಹಿಡಿದು ಬರುತ್ತಿದ್ದ. ಅಂಗಡಿಯಲ್ಲಿ ಬಿಟ್ಟರೆ ಯಾರಾದರೂ ಕದಿಯುತ್ತಾರೆ ಎಂದು ಹೇಳಿಕೊಳ್ಳುತ್ತಿದ್ದ. ಗಜವನ್ನು ಯಾವ ಕಳ್ಳ ಕದಿಯುತ್ತಾನೆ?

ನಾನು ಅಕ್ಕಲಕೋಟೆಯವಳು. ಅಲ್ಲಿಯ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿ ನಾಲ್ಕೈದು ವರ್ಷವಾಗಿದ್ದಾಗ ನನ್ನನ್ನು ಸೊಲ್ಲಾಪುರದ ಜೋಳದ ಅಡತಿ ವ್ಯಾಪಾರಿಗಳ ಮನೆಗೆ ಕೊಟ್ಟರು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿದರು. ಗಂಡ ಉಂಗುರದ ತುದಿಯಿಂದ ಅದರಲ್ಲಿ ನನ್ನ ಹೊಸ ಹೆಸರು ಬರೆದ. ಆ ಕಡೆ ಮದುವೆಯಾದ ಎಲ್ಲ ಹೆಣ್ಣುಮಕ್ಕಳಿಗೂ ಹೀಗೆಯೇ. ಮನೆತನವೂ ಬೇರೆ, ಹೆಸರೂ ಬೇರೆ. ಅಲ್ಲಿಂದ ಮುಂದೆ ಹಳೆಯ ಹೆಸರನ್ನು ಯಾರೂ ಕರೆಯಬಾರದು, ಕರೆದರೆ ಅಪಶಕುನ. ಮೊದಲ ತಿಂಗಳು ಅತ್ತೆ ಹೊಸ ಹೆಸರು ಹಿಡಿದು ಕೂಗಿದರೆ ನಾನು ಹಿಂದೆ ಯಾರಿದ್ದಾರೆ ಎಂದು ತಿರುಗಿ ನೋಡುತ್ತಿದ್ದೆ.

ಎರಡೂ ಮನೆಗೆ ಒಂದೇ ಗೋಡೆ. ಈಚೆಗೆ ನಮ್ಮ ದೇವರ ಮಾಡ, ಅದರೊಳಗೆ ಮೈಲಾರನ ಭಂಡಾರದ ಬಟ್ಟಲು. ಆಚೆಗೆ ಅವನು ಹೆಂಡತಿಯನ್ನು ಗೋಡೆಗೆ ಎತ್ತಿ ಒಗೆದಾಗ ಬಟ್ಟಲು ಜಿಗಿದು ಅರಿಷಿಣ ಚೆಲ್ಲುತ್ತಿತ್ತು. ಅತ್ತೆ ಅದನ್ನು ಬಳಿದು ಮತ್ತೆ ಬಟ್ಟಲಿಗೆ ತುಂಬಿ ರೊಟ್ಟಿ ಬಡಿಯಲು ಕೂಡುತ್ತಿದ್ದರು. ಮೊದಲ ಸಲ ನಾನು ಎದ್ದು ನಿಂತಿದ್ದೆ. "ಕೂಡು. ಅದು ಅವರ ಮನಿ ಮಾತು," ಎಂದರು. ಕೂತೆ. ಹಾಗೆ ಕೂತದ್ದು ನೆನಪಾದರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಪ್ರತಿ ಸಲವೂ ಅದು ಮುಗಿಯುತ್ತಿದ್ದುದು ಒಂದೇ ರೀತಿ. ಬಾಗಿಲು ದಡಕ್ಕನೆ ತೆರೆಯುತ್ತಿತ್ತು, ಅವಳು ಹೊರಗಿನ ಕಟ್ಟೆಯ ಮೇಲೆ ಬೀಳುತ್ತಿದ್ದಳು. "ಹೊರಗ ನಡಿ! ಈ ಮನಿ ನಂದೈತಿ!" ಎಂದು ಅವನು ಅಗಳಿ ಹಾಕಿಕೊಳ್ಳುತ್ತಿದ್ದ. ಅವಳು ಸೆರಗಿನಿಂದ ಬಾಯಿಯ ರಕ್ತ ಒರೆಸಿಕೊಂಡು, ಅವನು ಉಂಡು ಬಾಗಿಲು ತೆಗೆಯುವ ತನಕ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಮಂಗಳವೇಢೆ ತಾಲೂಕಿನ ಮರವಡೆಯಿಂದ ಬಂದವಳಂತೆ. ತಂದೆತಾಯಿ ಇಲ್ಲ. ಸಾಕಿದ ಸೋದರಮಾವನೂ ತೀರಿಕೊಂಡಿದ್ದ. ಆ ಬಾಗಿಲು ಒಂದು ದಿನ ತೆರೆಯದೇ ಹೋದರೆ ಅವಳಿಗೆ ಹೋಗಲು ಜಾಗವೇ ಇರಲಿಲ್ಲ. ಇದು ಅವನಿಗೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು.

ನಮ್ಮ ಮನೆಯವರು ಅವನ ವಿರುದ್ಧ ಎದ್ದದ್ದು ಅವಳಿಗಾಗಿ ಅಲ್ಲ, ಗೋಡೆಗಾಗಿ. ಸುಳ್ಳು ಹೇಳಿ ಏನು ಉಪಯೋಗ? ಅವನು ಹಿತ್ತಲಲ್ಲಿ ತಗಡಿನ ಪತ್ರಾಸು ಹಾಕಲು ಗೋಡೆಯೊಳಕ್ಕೆ ತೊಲೆ ಹೊಡೆಸಿದ. ನಮ್ಮ ದೇವರ ಮಾಡದ ಮೇಲೆ ಕೈ ಹಿಡಿಸುವಷ್ಟು ಬಿರುಕು ಬಿಟ್ಟಿತು. ನಮ್ಮ ಮಾವನವರು ಕೇಳಲು ಹೋದರು. ಅವರು ಶಾಂತ ಸ್ವಭಾವದವರು. ಜೋಳದಲ್ಲಿ ಕಲ್ಲು ಬಂದರೂ ಬಯ್ಯುತ್ತಿರಲಿಲ್ಲ. ಅವನು ಮಾತಾಡಲೇ ಇಲ್ಲ. ಗಜ ಎತ್ತಿ ಅವರ ತಲೆಯ ರುಮಾಲು ಹಾರಿಸಿದ. ಎರಡನೆಯ ಏಟು ಹೆಗಲಿಗೆ ಬಿತ್ತು. "ಗೋಡಿ ನಂದು, ಮನಿ ನಂದು. ಬೇಕಾದಲ್ಲಿ ತೊಲಿ ಹೊಡೀತೀನಿ," ಎಂದ. ಮಾವನವರು ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದು ನನ್ನ ಕಡೆ ನೋಡಿದರು. "ಕಾರಕೂನನ ಮಗಳ, ನಿಂಗ ಮೋಡಿ ಓದಾಕ ಬರ್ತೈತಲ್ಲಾ? ನಡಿ ನಾಳೆ, ಗೋಡಿ ಯಾರದಂತ ದಫ್ತರದಾಗ ನೋಡೂಣು."

ನನ್ನ ತಂದೆ ಸಂಸ್ಥಾನದ ಕಚೇರಿಯಲ್ಲಿ ಕಾರಕೂನರು. ಹಳೆಯ ಕಾಗದಗಳನ್ನೆಲ್ಲ ಬರೆಯುತ್ತಿದ್ದ ಮೋಡಿ ಲಿಪಿಯನ್ನು ನನಗೆ ಸ್ಲೇಟಿನ ಮೇಲೆ ಕಲಿಸಿದ್ದರು. ಹೆಣ್ಣುಮಗಳಿಗೆ ಇದೇತಕ್ಕೆ ಎಂದು ಅವ್ವ ಜಗಳ ಆಡುತ್ತಿದ್ದಳು. ಮದುವೆಯಾದ ಮೇಲೆ ಆ ವಿದ್ಯೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

ಭೂಮಾಪನ ಕಚೇರಿಯ ಗುಮಾಸ್ತ ಎಲೆ ಅಡಿಕೆ ಹಾಕುತ್ತಾ ಮಾತಾಡುವ ಮನುಷ್ಯ. ಮಾವನವರು ಅಂಜುತ್ತಾ, ಮನೆ ನಮ್ಮದಲ್ಲ, ಪಕ್ಕದ್ದು, ಅದರ ಕಾಗದ ನಾವು ನೋಡಬಹುದೇ ಎಂದು ಕೇಳಿದರು. ಅವನು ನಕ್ಕ. "ಪಕ್ಕದ್ದಾದ್ರೇನ್ರಿ, ಪುಣೇದಾದ್ರೇನ್ರಿ? ದಫ್ತರ ಸರಕಾರದ್ದು. ಸ್ಟಾಂಪಿನ ತಿಕೀಟ ಹಚ್ಚಿ ಅರ್ಜಿ ಕೊಡ್ರಿ, ಉತಾರಾ ತಗೋರಿ. ಯಾರಿಗೂ ಇಲ್ಲಂಬಂಗಿಲ್ಲ." ಉತಾರೆ ಎಂದರೆ ಆಸ್ತಿ ಯಾರ ಹೆಸರಿನಲ್ಲಿದೆ ಎಂದು ದಫ್ತರದಿಂದ ಇಳಿಸಿಕೊಡುವ ನಕಲು. ಅಷ್ಟು ಸುಲಭವೇ ಎಂದು ನನಗೆ ಆಶ್ಚರ್ಯವಾಯಿತು. ಬಾಗಿಲು ಹಾಕಿಕೊಂಡ ಮನೆಯ ಒಳಗಿನ ಮಾತು ಇಲ್ಲಿ ಯಾರು ಕೇಳಿದರೂ ಸಿಗುತ್ತಿತ್ತು.

ಉತಾರೆಯಲ್ಲಿ ಅವನ ಹೆಸರು ಇರಲೇ ಇಲ್ಲ. ಅಲ್ಲಿದ್ದದ್ದು ಒಬ್ಬ ಹುಡುಗಿಯ ಹೆಸರು. ವಯಸ್ಸಿಗೆ ಬಾರದವಳು, ಪಾಲಕಿ ಅಜ್ಜಿ ಎಂದಿತ್ತು. ಅದರ ಕೆಳಗಿನ ಅಂಕಿ ಹಿಡಿದು ನೋಂದಣಿ ಕಚೇರಿಗೆ ಹೋಗಿ ಮೂಲ ದಸ್ತಾವೇಜಿನ ನಕಲು ಕೇಳಿದೆವು. ಅದು ಮೋಡಿಯಲ್ಲಿತ್ತು. ಬೆಂಚಿನ ಮೇಲೆ ಕೂತು ಮಾವನವರಿಗೆ ಓದಿ ಹೇಳಿದೆ. ಅಜ್ಜಿಯೊಬ್ಬಳು ಅಕ್ಕಲಕೋಟೆಯಲ್ಲಿರುವ ತನ್ನ ಮೊಮ್ಮಗಳಿಗೆ ಈ ಮನೆಯನ್ನು ಬಕ್ಷೀಸು ಕೊಟ್ಟಿದ್ದಾಳೆ; ಪಶ್ಚಿಮದ ಗೋಡೆ ಎರಡೂ ಮನೆಗೆ ಸಾಮಾಯಿಕ, ಎಂದರೆ ಇಬ್ಬರಿಗೂ ಸೇರಿದ್ದು. "ಸಾಮಾಯಿಕ!" ಎಂದು ಮಾವನವರು ತೊಡೆ ತಟ್ಟಿದರು. ಅವರಿಗೆ ಬೇಕಾದದ್ದು ಅಷ್ಟೇ. ಬರುವಾಗ ನನಗೆ ಖಾರದ ಭಜಿ ಕೊಡಿಸಿದರು.

ನನಗೆ ಆ ಹೆಸರಿನದೇ ಚಿಂತೆ. ಈ ಹುಡುಗಿ ಯಾರು? ಅಜ್ಜಿ ಸತ್ತ ಮೇಲೆ ಆ ಮನೆಯಲ್ಲಿ ಬಹಳ ವರ್ಷ ಬಾಡಿಗೆಯವರು ಇದ್ದರಂತೆ. ನಮ್ಮ ಅತ್ತೆಮಾವ ಓಣಿಗೆ ಬಂದದ್ದು ಆಮೇಲೆ. ಅವನು ಹೆಂಡತಿಯನ್ನು ಕರೆದುಕೊಂಡು ಬಂದು ಇಳಿದಾಗ, ಮನೆ ತಗೊಂಡೀನಿ ಎಂದು ಪೇಡೆ ಹಂಚಿದ್ದ. ಹಾಗಾದರೆ ಆ ಹುಡುಗಿಯಿಂದ ಕಸಿದುಕೊಂಡನೇ?

ಬಾಯಿ ತುರಿಸಿತು. ಮರುದಿನ ಬೆಳಿಗ್ಗೆ ಓಣಿಯ ನಳದ ಹತ್ತಿರ, ಹತ್ತು ಮಂದಿ ಹೆಂಗಸರ ಮುಂದೆ, ಕೊಡ ತುಂಬುವುದನ್ನು ಮರೆತು ಹೇಳಿಬಿಟ್ಟೆ. "ಆ ಮನಿ ಅವಂದಲ್ಲ ಏನಲ್ಲ. ಯಾರೋ ಹುಡುಗಿದೈತಿ. ನಾನ ಓದೀನಿ ದಫ್ತರದಾಗ." ಹೆಸರನ್ನೂ ಹೇಳಿದೆ, ದೊಡ್ಡದಾಗಿ. ನನಗೆ ಮೋಡಿ ಓದಲು ಬರುತ್ತದೆ ಎಂದು ಎಲ್ಲರಿಗೂ ಗೊತ್ತಾಗಲಿ ಎಂಬ ಹಮ್ಮೂ ಇತ್ತು. ಆ ಹತ್ತು ಮಂದಿಯಲ್ಲಿ ಒಬ್ಬಳ ಗಂಡನ ಅಂಗಡಿ ಅವನ ಅಂಗಡಿಯ ಎದುರಿಗೆ.

ಅಂದು ಅವನು ಸಂಜೆಗೆ ಕಾಯಲಿಲ್ಲ. ನಡುಮಧ್ಯಾಹ್ನ ಬಂದ. ಮೊದಲ ಏಟಿಗೆ ಭಂಡಾರದ ಬಟ್ಟಲು ಮಾಡದಿಂದ ಕೆಳಗೆ ಬಿತ್ತು. ಆಮೇಲೆ ಗಜದ ಸದ್ದು, ಅವಳ ಸದ್ದು, ಪಾತ್ರೆಗಳ ಸದ್ದು. ಅದರ ನಡುವೆ ಅವನು ಒಂದು ಹೆಸರು ಕೂಗಿದ. "ಯಾರಿಗೆ ಹೇಳೀದಿ? ಆ ಹೆಸರು ಯಾರಿಗೆ ಹೇಳೀದಿ?" ಎಂದು ಕೇಳಿ, ಮತ್ತೆ ಅದೇ ಹೆಸರು ಹಿಡಿದು, "ಬಾ, ಈಗ ಓ ಅನ್ನು!" ಎಂದು ಬಾರಿಸಿದ. ನಾನು ಉತಾರೆಯಲ್ಲಿ ಓದಿದ ಹೆಸರು. ನಳದ ಹತ್ತಿರ ಮೆರೆದ ಹೆಸರು.

ಆ ಹುಡುಗಿ ಬೇರೆ ಎಲ್ಲೂ ಇರಲಿಲ್ಲ. ಗೋಡೆಯ ಆಚೆಗೇ ಇದ್ದಳು. ಅಕ್ಕಿಯಲ್ಲಿ ಹೊಸ ಹೆಸರು ಬರೆದವನು ಅವನು; ಹಳೆಯದು ಅವನಿಗೆ ಗೊತ್ತಿರದೆ ಯಾರಿಗೆ ಗೊತ್ತಿರುತ್ತದೆ?

ನಾನು ಒನಕೆ ತೆಗೆದುಕೊಂಡು ಗೋಡೆಗೆ ಕುಟ್ಟಿದೆ. ಬಿಡು, ಬಿಡು ಎಂದು ಕಿರುಚಿದೆ. ಗೋಡೆಯ ಗಿಲಾವು ನನ್ನ ಮೈಮೇಲೆ ಉದುರಿತು. ಹೊರಗೆ ಓಡಿ ಅವರ ಬಾಗಿಲು ಬಡಿದೆ. ಒಳಗಿಂದ ಅಗಳಿ ಹಾಕಿತ್ತು. ಎಲ್ಲ ಸದ್ದು ನಿಂತ ಮೇಲೂ ಬಾಗಿಲು ತೆರೆಯಲಿಲ್ಲ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ಅವಳನ್ನು ಹೊರಗೆ ಹಾಕಲಿಲ್ಲ.

ಮರುದಿನದಿಂದ ಅವನು ಹೊರಗಿನಿಂದ ಕೀಲಿ ಹಾಕಿ ಅಂಗಡಿಗೆ ಹೋಗತೊಡಗಿದ. ನಮ್ಮ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಒಣಗಲು ಹಾಕಿದ ಶಾವಿಗೆ ತೆಗೆಯುವ ನೆವದಿಂದ ಮೇಲೆ ಹತ್ತಿ, ಅವರ ಮಾಳಿಗೆಗೆ ದಾಟಿ, ಬೆಳಕಿಂಡಿಯ ಹತ್ತಿರ ಬೋರಲಾಗಿ ಮಲಗಿ ಒಳಗೆ ನೋಡಿದೆ. ಅವಳು ಕೆಳಗೆ ಗೋಡೆಗೆ ಒರಗಿ ಕೂತಿದ್ದಳು. ಎಡಗಿವಿಯಿಂದ ಕತ್ತಿನ ತನಕ ರಕ್ತ ಒಣಗಿತ್ತು. ಕರೆದರೆ ಮೊದಲು ಕೇಳಿಸಲಿಲ್ಲ. ಹೆಂಟೆ ಮಣ್ಣು ಒಗೆದೆ. ಮೇಲೆ ನೋಡಿದಳು.

"ನಂದ ತಪ್ಪು ಅಕ್ಕ. ನಾನ ಬಾಯಿ ಬಿಟ್ಟೆ," ಎಂದೆ. ಅಳು ಬಂತು.

ಅವಳು ಅಳಲಿಲ್ಲ. "ಅದೇನಾರ ಇರಲಿ. ಅದನ್ನ್ಯಾಕ ಹುಡುಕಾಕ ಹೋದಿ ತಂಗಿ? ಆ ಹೆಸರಿನಾಕಿ ಸತ್ತಾಳ."

"ಯಾರಂದ್ರು?"

"ಅವರ ಹೇಳ್ಯಾರ. ಅಕ್ಕ್ಯಾಗ ಹೊಸಾ ಹೆಸರು ಬರದ ಕೂಡ್ಲೆ ಹಳೇ ಹೆಸರು ತೀರತೈತಿ. ಅದರ ಹೆಸರ ಮ್ಯಾಲಿದ್ದದ್ದೆಲ್ಲಾ ಗಂಡಗ ಹೋಗತೈತಿ. ಅಜ್ಜಿ ಮನಿ ಅಂತ ನಂಗೊತ್ತಿತ್ತು. ಆದರ ಈಗ ಅದು ಅವರದು."

ಅವಳ ಮಾತಿಗೆ ನಗುವ ಹಕ್ಕು ನನಗಿರಲಿಲ್ಲ. ಹಳೆಯ ಹೆಸರು ಕರೆದರೆ ಅಪಶಕುನ ಎಂದು ನಾನೂ ನಂಬಿದವಳೇ. ನನ್ನ ತವರಿನ ಹೆಸರಿನಲ್ಲಿ ಏನಾದರೂ ಇದ್ದಿದ್ದರೆ ನಾನೂ ಹಾಗೆಯೇ ಬಿಟ್ಟುಕೊಡುತ್ತಿದ್ದೆನೋ ಏನೋ.

ಅವಳು ಮುಂದುವರಿಸಿದಳು. ಸೋಮವಾರ ಅವನು ಅವಳನ್ನು ನೋಂದಣಿ ಕಚೇರಿಗೆ ಕರೆದೊಯ್ಯುವವನಿದ್ದ. ಮನೆಯನ್ನು ಬರೆದುಕೊಡುವ ಕಾಗದ ತಯಾರಾಗಿತ್ತು. "ಹಳೇ ಹೆಸರಿಲೆ ಸಹಿ ಮಾಡಿ ಹೆಬ್ಬೆಟ್ಟು ಒತ್ತಂದಾರ. ಮಾಡಿದ್ರ ಹೊಡ್ಯಾಂಗಿಲ್ಲ ಅಂದಾರ."

ನನಗೆ ಸಿಟ್ಟು ನೆತ್ತಿಗೇರಿತು. "ಸತ್ತಾಕಿ ಸಹಿ ಹೆಂಗ ಮಾಡ್ತಾಳ ಅಕ್ಕ?"

ಬೆಳಕಿಂಡಿಯ ಬಿಸಿಲು ಅವಳ ಮೊಣಕಾಲಿನ ಮೇಲೆ ಬಿದ್ದಿತ್ತು. ಅವಳು ತನ್ನ ಬಲಗೈ ತಿರುಗಿಸಿ ಹೆಬ್ಬೆಟ್ಟು ನೋಡಿಕೊಂಡಳು. "ಹೌದಲ್ಲಾ," ಎಂದಳು.

ಮಾವನವರಿಗೆ ಎಲ್ಲ ಹೇಳಿದೆ. ಅವರು ಗೋಡೆಯ ವಿಷಯವನ್ನು ಅಷ್ಟು ಹೊತ್ತಿಗೆ ಮರೆತೇಬಿಟ್ಟಿದ್ದರು ಎಂದು ಹೊಗಳುವಂತಿಲ್ಲ, ಪೂರ್ತಿ ಮರೆತಿರಲಿಲ್ಲ. ಆದರೂ ಒಂದು ಸರಿಯಾದ ಪ್ರಶ್ನೆ ಕೇಳಿದರು. "ಆಕಿನ ಈಕಿ ಅಂತ ಹೇಳಾವ್ರು ಯಾರು? ನಾಳೆ ಅಂವಾ ಬ್ಯಾರೆ ಯಾರನ್ನಾರ ತಂದು ನಿಲ್ಲಿಸಿ ಹೆಬ್ಬೆಟ್ಟು ಒತ್ತಿಸಿದ್ರ?" ಸೋದರಮಾವ ಸತ್ತಿದ್ದ. ಮದುವೆ ಕಂಡವರು ಮರವಡೆಯಲ್ಲಿದ್ದರು, ಅವರಿಗೆ ಗೊತ್ತಿದ್ದದ್ದು ಹೊಸ ಹೆಸರು.

ಮತ್ತೆ ಬೆಳಕಿಂಡಿಗೆ ಹೋದೆ. ಚಿಕ್ಕವಳಿದ್ದಾಗ ಅಕ್ಕಲಕೋಟೆಯಲ್ಲಿ ಸಾಲಿಗೆ ಹೋಗಿದ್ದೆ ಎಂದಳು. ಹೆಣ್ಣುಮಕ್ಕಳ ಸಾಲಿ ಅಲ್ಲಿ ಒಂದೇ ಇತ್ತು. ನನ್ನದೂ ಅದೇ.

ಶನಿವಾರ ಬೆಳಗಿನ ಎಸ್‌ಟಿ ಹಿಡಿದು ಅಕ್ಕಲಕೋಟೆಗೆ ಹೋದೆ. ತಂದೆಯನ್ನು ಜೊತೆಗೆ ಕರೆದುಕೊಂಡು ಸಾಲಿಗೆ ಹೋದೆ. ದೊಡ್ಡ ಬಾಯಿಯವರು, ಎಂದರೆ ಮುಖ್ಯ ಶಿಕ್ಷಕಿ, ದಾಖಲೆಯ ಪುಸ್ತಕಗಳನ್ನು ಟ್ರಂಕಿನಿಂದ ತೆಗೆಸಿದರು. ಹುಡುಕುವಾಗ ಮೊದಲು ಸಿಕ್ಕದ್ದು ನನ್ನದೇ ಹಳೆಯ ಹೆಸರು. ಯಾರೋ ನೆಟ್ಟಗೆ ಬರೆದಿದ್ದರು. ಯಾರೂ ಅಳಿಸಿರಲಿಲ್ಲ. ಅಲ್ಲಿ ನಾನು ಎಷ್ಟು ಹೊತ್ತು ನಿಂತೆನೋ, ತಂದೆ, "ಮುಂದ ನಡಿ," ಎಂದು ಹಾಳೆ ತಾವೇ ತಿರುವಿದರು. ಅದಕ್ಕೂ ಹಳೆಯ ಪುಸ್ತಕದಲ್ಲಿ ಅವಳು ಸಿಕ್ಕಳು. ಹೆಸರು, ತಂದೆಯ ಹೆಸರು, ಮೂರನೆಯ ಇಯತ್ತೆ. ಕೊನೆಯ ಅಂಕಣದಲ್ಲಿ ಸಾಲಿ ಬಿಟ್ಟ ಕಾರಣ: ತಂದೆತಾಯಿ ತೀರಿದ್ದರಿಂದ ಮರವಡೆಯ ಸೋದರಮಾವನ ಮನೆಗೆ ಹೋದಳು. ಸೋದರಮಾವನ ಹೆಸರೂ ಇತ್ತು; ಅವನ ಮನೆಯಿಂದ ಮದುವೆಯಾಗಿ ಬಂದವಳು ಯಾರೆಂದು ಮರವಡೆಯೇ ಹೇಳುತ್ತಿತ್ತು. ದೊಡ್ಡ ಬಾಯಿಯವರು ನಕಲು ಬರೆದು ಶಿಕ್ಕೆ ಒತ್ತಿ ಕೊಟ್ಟರು.

ಭಾನುವಾರ ಬೆಳಕಿಂಡಿಯಿಂದ ಎಲ್ಲ ಓದಿ ಹೇಳಿದೆ. ಇನ್ನೊಮ್ಮೆ ಓದು ಎಂದಳು. ಓದಿದೆ.

ಸೋಮವಾರ ಅವನು ಧೋತರ ಬದಲಿಸಿಕೊಂಡು ಟಾಂಗಾ ತರಲು ಹೋದ. ಅಂದು ಕೀಲಿ ಹಾಕಲಿಲ್ಲ. ಮುಂಜಾನೆಯೇ ನಾಲ್ಕು ಬಾರಿಸಿದ್ದ, ಅಷ್ಟು ಸಾಕು ಎಂದುಕೊಂಡಿದ್ದ. ತಿರುಗಿ ಬರುವಷ್ಟರಲ್ಲಿ ಒಳಗಿಂದ ಅಗಳಿ ಬಿದ್ದಿತ್ತು.

ಅವನು ಒದ್ದ. ಗಜದಿಂದ ಬಾಗಿಲು ಜಜ್ಜಿದ. "ತೆಗಿ! ಹುಗದುಬಿಡ್ತೀನಿ ನಿನ್ನ! ಈ ಮನಿ ನಂದೈತಿ!" ಓಣಿಯೆಲ್ಲ ಬಂದು ನಿಂತಿತು. ನಿಂತಿತು ಅಷ್ಟೇ. ನನ್ನ ಗಂಡನೂ ನಿಂತಿದ್ದ, ಅದನ್ನು ಆಮೇಲೆ ನಲವತ್ತು ವರ್ಷ ಅವನಿಗೆ ಚುಚ್ಚಿ ಹೇಳಿದ್ದೇನೆ. ಮಾವನವರು ಕಟ್ಟೆಯ ಕೆಳಗೆ ನಿಂತು, ದೊಡ್ಡ ಧ್ವನಿಯಲ್ಲಿ, ಮನೆ ಯಾರ ಹೆಸರಿನಲ್ಲಿದೆ, ಆ ಹೆಸರಿನವಳು ಯಾರು ಎಂದು ಓಣಿಗೆ ಹೇಳಿದರು. ನಾನು ಉತಾರೆಯನ್ನು ಎತ್ತಿ ಹಿಡಿದೆ.

ಅವನು ಕಾಗದಕ್ಕೆ ಗಜ ಬೀಸಿದ. ಅದು ನನ್ನ ಎಡಗೈಗೆ ಬಿತ್ತು. ಕಿರುಬೆರಳು ಲಟಕ್ಕೆಂದದ್ದು ನನಗೇ ಕೇಳಿಸಿತು. ಕಾಗದ ಕಸಿದುಕೊಂಡು ಚೂರು ಚೂರು ಮಾಡಿ ಮೆಟ್ಟಿದ. ಕಣ್ಣಿಗೆ ಕತ್ತಲೆ ಬಂದಿತ್ತು, ಆದರೂ ಬಾಯಿ ನಿಲ್ಲಲಿಲ್ಲ. "ಹರಿ! ಎಷ್ಟು ಬೇಕಷ್ಟು ಹರಿ! ನಾಳಿಗೆ ಮತ್ತೊಂದು ತರ್ತೀನಿ. ನಾಡದ್ದ ಇನ್ನೊಂದು ತರ್ತೀನಿ. ಯಾರು ಕೇಳಿದ್ರೂ ಕೊಡ್ತಾರ!" ಅವನು ನನ್ನ ತಲೆಯ ಮೇಲೆ ಗಜ ಎತ್ತಿದ.

ಬಾಗಿಲು ತೆರೆಯಿತು. ಅವಳ ಕೈಯಲ್ಲಿ ಒನಕೆ ಇತ್ತು. ಮೊದಲನೆಯದು ಅವನ ಮುಂಗೈಗೆ ಬಿತ್ತು. ಗಜ ಉರುಳಿ ಗಟಾರಕ್ಕೆ ಹೋಯಿತು. ಅವನು ತಿರುಗಿದ. ಎರಡನೆಯದು ಮೊಣಕಾಲಿಗೆ. ಅವಳು ದಿನಾ ಬೀಳುತ್ತಿದ್ದ ಕಟ್ಟೆಯ ಮೇಲೆಯೇ ಅವನು ಬಿದ್ದು, ಅವ್ವಾ ಎಂದು ಅರಚಿದ. ಮೂರನೆಯದನ್ನು ಮಾವನವರು ತಡೆದರು. ಯಾಕೆ ತಡೆದರು ಎಂದು ನನಗೆ ಆಗ ಅನ್ನಿಸಿತು. ಮುರಿದ ಬೆರಳು ಹಿಡಿದುಕೊಂಡೇ ನನಗೆ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಅವಳು ಒನಕೆ ಊರಿಕೊಂಡು ನಿಂತಳು. ತನ್ನ ಹಳೆಯ ಹೆಸರು ಹೇಳಿದಳು, ತಂದೆಯ ಹೆಸರು ಹೇಳಿದಳು, ಅಕ್ಕಲಕೋಟೆ ಎಂದಳು. ಅವಳ ಬಾಯಿಂದ ಆ ಹೆಸರು ಓಣಿ ಕೇಳಿದ್ದು ಅದೇ ಮೊದಲು. ಆಮೇಲೆ ಅವನಿಗೆ ಹೇಳಿದಳು.

"ಈ ಕಟ್ಟಿ ನಂದೈತಿ. ಇಳಿ ಕೆಳಗ."

ಅವನು ಕುಂಟುತ್ತಾ ಅಂಗಡಿಯ ಹಿಂದಿನ ಕೋಣೆಗೆ ಹೋದವನು ಅಲ್ಲಿಯೇ ಉಳಿದ. ಕೋರ್ಟಿಗೆ ಹೋಗುತ್ತೇನೆ ಎಂದು ಕೆಲವು ತಿಂಗಳು ಹೆದರಿಸಿದ. ಅವನ ವಕೀಲನೂ ಅದೇ ಕಚೇರಿಗೆ ಹೋಗಿ, ತಿಕೀಟು ಹಚ್ಚಿ, ಅದೇ ಉತಾರೆ ತಂದುಕೊಂಡು ಓದಿದನಂತೆ. ಆಮೇಲೆ ಸುದ್ದಿ ಇಲ್ಲ. ಗೋಡೆಯ ತೊಲೆಯನ್ನು ಅವಳು ಮೊದಲ ವಾರವೇ ತೆಗೆಸಿದಳು. ಮಾವನವರು ತೀರುವ ತನಕ ಅವಳನ್ನು ಹೊಗಳಿದರು.

ನನ್ನ ಕಿರುಬೆರಳು ಇವತ್ತಿಗೂ ಮಡಚುವುದಿಲ್ಲ. ಅದಕ್ಕೆ ನನಗೆ ದುಃಖವಿಲ್ಲ. ದುಃಖ ಇರುವುದು ಬೇರೆಯದಕ್ಕೆ. ಅವಳು ಹೊಸ ಹೆಸರಿಗೆ ಓ ಅನ್ನುವುದನ್ನು ಅಂದೇ ಬಿಟ್ಟಳು. ಓಣಿಯವರೆಲ್ಲ ಹಳೆಯ ಹೆಸರನ್ನೇ ಕಲಿತರು, ನಮ್ಮ ಅತ್ತೆಯೂ ಕಲಿತರು. ನಾನು ದಿನಾ ಸಂಜೆ ಆ ಕಟ್ಟೆಗೆ ಹೋಗಿ ಅವಳನ್ನು ಆ ಹೆಸರಿನಿಂದ ಕರೆಯುತ್ತಿದ್ದೆ. ಎಡಗಡೆಯಿಂದ ಕರೆದರೆ ಅವಳು ತಿರುಗುತ್ತಿರಲಿಲ್ಲ. ನಾನು ನಳದ ಹತ್ತಿರ ಬಾಯಿ ಬಿಟ್ಟ ದಿನ ಅವನು ಆ ಹೆಸರು ಕೂಗಿ ಗಜ ಹೊಡೆದದ್ದು ಆ ಕಿವಿಗೆ. ಅವಳು ಒಮ್ಮೆಯೂ ಅದನ್ನು ಆಡಿ ತೋರಿಸಲಿಲ್ಲ. ನಾನು ಸುತ್ತಿ ಅವಳ ಬಲಗಡೆಗೆ ಹೋಗಿ ನಿಂತು, ಮತ್ತೊಮ್ಮೆ ಕರೆಯುತ್ತಿದ್ದೆ.